ಪಾಪ್ ಟಾಪೋ ಹೈ ರೂಫೋ, ಮೊದ್ಲು ಟೇಪ್ ಹಿಡೀರಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಲಿ ಕ್ಯಾಂಪರ್ ವ್ಯಾನಿಗೆ, ಅಂದ್ರೆ ಒಳಗೇ ಮಲಗ್ಕೊಂಡು ಊರೂರು ಸುತ್ತೋ ವ್ಯಾನಿಗೆ, ಪಾಪ್ ಟಾಪ್ ಒಳ್ಳೇದೋ ಹೈ ರೂಫ್ ಒಳ್ಳೇದೋ ಅಂತ ಬಂದಿದ್ದ ಲೇಖನದ ಫೋಟೋ ತೆಗೆದು ಸಾಗರದಿಂದ ನಮ್ಮ ಭಾವ ವಾಟ್ಸಾಪಲ್ಲಿ ಕಳ್ಸಿದ್ರು, ಪೇಪರಿನ ಮೂಲೇಲಿ ಕಾಫಿ ಲೋಟದ ಗುಂಡು ಕಲೆ ಸಮೇತ. ಕೆಳಗೆ ಒಂದು ಮೆಸೇಜು: "ಅಲ್ಲ ಮಾರಾಯ, ನಿನ್ನ ಹತ್ರ ಇರೋದು ಇದರಲ್ಲಿ ಯಾವ್ದು? ನಾನು ಮಾಡ್ಸೋದಾದ್ರೆ ಯಾವ್ದು ಮಾಡಿಸ್ಲಿ?" ನಾನು ಇಂಗ್ಲೆಂಡಿನ ಲೀಡ್ಸಲ್ಲಿ 14 ವರ್ಷದಿಂದ ಇದೀನಿ, ಅದರಲ್ಲಿ ಆರು ವರ್ಷದಿಂದ ನಮ್ಮನೆ ಮುಂದೆ ಒಂದು ಕ್ಯಾಂಪರ್ ವ್ಯಾನ್ ನಿಂತಿದೆ. ಭಾವಂಗೆ ಉತ್ತರ ಟೈಪ್ ಮಾಡೋಕೆ ಕೂತೆ, ಬರೀತಾ ಬರೀತಾ ನಿಮ್ಮ ಲೇಖನದ ಮೇಲೇ ಸಿಟ್ಟು ಬಂತು, ಹಂಗಾಗಿ ಈ ಕಾಗದ ನಿಮಗೇ. ಉದ್ದ ಆಗುತ್ತೆ, ಬೇಕಾದಲ್ಲಿ ಕತ್ತರಿ ಹಾಕ್ಕೊಳ್ಳಿ.

ಲೇಖನ ಓದದೇ ಇರೋರಿಗೆ ಎರಡು ಮಾತು. ಹೈ ರೂಫ್ ಅಂದ್ರೆ ವ್ಯಾನಿನ ತಲೆ ಯಾವಾಗ್ಲೂ ಎತ್ತರಕ್ಕೇ ಇರುತ್ತೆ, ತಗಡಿಂದೋ ಫೈಬರ್ ಗ್ಲಾಸಿಂದೋ, ಒಳಗೆ ಯಾವಾಗ ಬೇಕಾದ್ರೂ ಎದ್ದು ನಿಲ್ಬಹುದು. ಪಾಪ್ ಟಾಪ್ ಅಂದ್ರೆ ತಲೆ ಹೆಚ್ಚುಕಮ್ಮಿ ಮಾಮೂಲಿ ವ್ಯಾನಿನಷ್ಟೇ, ನಿಂತ ಮೇಲೆ ಕ್ಲಿಪ್ ಬಿಚ್ಚಿ ಮೇಲಕ್ಕೆ ತಳ್ಳಿದ್ರೆ ಒಂದು ಕಡೆಯಿಂದ ಮೊಸಳೆ ಬಾಯಿ ಥರ ತೆಗೆದುಕೊಳ್ಳುತ್ತೆ, ಸುತ್ತ ಟೆಂಟ್ ಬಟ್ಟೆ, ಅದರೊಳಗೆ ಒಂದು ಹಲಗೆ ಹಾಸಿಗೆ. ನಮ್ಮ ಮಕ್ಕಳು ಅದನ್ನ ಮೊದಲ ದಿನದಿಂದ ಕರೆಯೋದು "ಅಟ್ಟ" ಅಂತ, ಅಜ್ಜಿ ಮನೆ ಅಟ್ಟ ನೋಡಿದ್ರಲ್ಲ, ಅದಕ್ಕೆ.

ನಿಮ್ಮ ಲೇಖನದವರು ಇದನ್ನ ಕಾಸಿನ ಪ್ರಶ್ನೆ ಮಾಡಿಬಿಟ್ಟಿದಾರೆ: ಪಾಪ್ ಟಾಪ್ ಅಂದ್ರೆ ಬಜೆಟ್ಟು, ಹೈ ರೂಫ್ ಅಂದ್ರೆ ಲಕ್ಷುರಿ, ದುಡ್ಡಿದ್ರೆ ಎರಡನೇದು ತಗೊಳ್ಳಿ. ಇದು ತಪ್ಪು. ನಾವು ವಿಚಾರಿಸಿದಾಗ ಅದೇ ವ್ಯಾನಿಗೆ ಫೈಬರ್ ತಲೆ ಕೂರ್ಸೋಕಿಂತ ಪಾಪ್ ಟಾಪಿಗೇ ಜಾಸ್ತಿ ಹೇಳಿದ್ರು, ಯಾಕಂದ್ರೆ ಅದರಲ್ಲಿ ಹಿಂಜು, ರೂಫ್ ಎತ್ತಿ ಹಿಡಿಯೋ ಗ್ಯಾಸ್ ಸ್ಟ್ರಟ್ಟು, ಬಟ್ಟೆ, ಜಿಪ್ಪು, ಹಾಸಿಗೆ ಎಲ್ಲ ಬರುತ್ತೆ. ಇನ್ನು ಆರಾಮು, ಅದೂ ಎರಡನೇ ಮಾತು. ಮೊದಲನೇ ಮಾತು ಏನಪ್ಪಾ ಅಂದ್ರೆ ವರ್ಷದಲ್ಲಿ ನೀವು ವ್ಯಾನೊಳಗೆ ಮಲಗೋದು ಎಷ್ಟು ರಾತ್ರಿ, ನಾವಂತೂ ಎಷ್ಟು ಹಾರಾಡಿದ್ರೂ 25, 30. ಉಳಿದ ದಿನ ಅದು ಎಲ್ಲಿ ಓಡಾಡುತ್ತೆ, ಎಲ್ಲಿ ನಿಲ್ಲುತ್ತೆ, ಎತ್ತರದ ಗಾಡಿ ತಡೆಯೋಕೆ ಹಾಕಿರೋ ಯಾವ ಅಡ್ಡಕಂಬಿ ಕೆಳಗೆ ತೂರುತ್ತೆ ಅನ್ನೋದು ರೂಫ್ ತೀರ್ಮಾನ ಮಾಡೋದು. ಮಲಗೋ ರಾತ್ರಿ ನೋಡ್ಕೊಂಡು ರೂಫ್ ತಗೊಂಡೋರು ಹಗಲಲ್ಲಿ ಪೇಚಾಡ್ತಾರೆ, ನಾನು ಕಣ್ಣಾರೆ ಕಂಡಿದೀನಿ, ಒಂದು ಸಲ ಆ ಪೇಚಾಡಿದವನು ನಾನೇ.

ಅದನ್ನೇ ಹೇಳಿಬಿಡ್ತೀನಿ. ನಮ್ಮದು 2012ರ ಫೋಕ್ಸ್‌ವ್ಯಾಗನ್ ಟಿ5, ಯಾರೋ ನಲ್ಲಿ ರಿಪೇರಿಯೋರು ಓಡಿಸ್ತಿದ್ದ ಸಾಮಾನು ವ್ಯಾನು, ಒಳಗೆ ಬರೀ ತಗಡು. 2018ರಲ್ಲಿ ತಗೊಂಡು ಒಂದು ಸಣ್ಣ ವರ್ಕ್‌ಶಾಪಲ್ಲಿ ಪಾಪ್ ಟಾಪ್ ಹಾಕಿಸಿದ್ವಿ. ಮುಂದಿನ ಬೇಸಿಗೆ ಕಾರ್ನ್‌ವಾಲಿಗೆ ಹೋದ್ವಿ, ಸಮುದ್ರದ ದಡದಲ್ಲಿ ಒಂದು ಕಾರ್ ಪಾರ್ಕು, ಬಾಗಿಲಲ್ಲಿ ಕಬ್ಬಿಣದ ಅಡ್ಡಪಟ್ಟಿ, ಅದರ ಮೇಲೆ 2.0 ಮೀಟರ್, 6 ಅಡಿ 6 ಇಂಚು ಅಂತ ಬೋರ್ಡು. ಈ ದೇಶದ ಕರಾವಳಿ ತುಂಬ ಇಂಥವು ಇವೆ, ವ್ಯಾನಲ್ಲಿ ಬಂದು ರಾತ್ರಿ ಠಿಕಾಣಿ ಹೂಡೋರು ಒಳಗೆ ಬರಬಾರ್ದು ಅಂತಾನೇ ಹಾಕೋದು, ಅಂದ್ರೆ ನಮ್ಮಂಥೋರಿಗೆ ಅಂತಾನೇ. ನಾನು ನಮ್ದು ಪಾಪ್ ಟಾಪು, ತಲೆ ಮಡಚಿದೆ, ಎಲ್ಲಿ ಬೇಕಾದ್ರೂ ಹೋಗುತ್ತೆ ಅನ್ನೋ ಧೈರ್ಯದಲ್ಲಿ ನುಗ್ಗಿಸಿದೆ. ಹೆಂಡ್ತಿ "ಇಳಿದು ನೋಡ್ತೀನಿ ತಡೀರಿ" ಅಂದ್ಲು, ನಾನು "ಏನಾಗಲ್ಲ ಕೂತ್ಕೋ" ಅಂದೆ, ಅಷ್ಟರಲ್ಲಿ ಮೇಲಿಂದ ಕರಕರಕರ ಅಂತ ಶಬ್ದ. ಹಿಂದೆ ಎಂಟು ಕಾರು ಸಾಲಾಗಿ ನಿಂತಿದಾವೆ, ಮುಂದೆ ಹೋಗಂಗಿಲ್ಲ ಹಿಂದೆ ಬರಂಗಿಲ್ಲ, ಒಬ್ಬೊಬ್ಬರೂ ರಿವರ್ಸ್ ತಗೊಂಡು ನಮಗೆ ದಾರಿ ಬಿಡೋ ಹೊತ್ತಿಗೆ ನನ್ನ ಮರ್ಯಾದೆ ಸಮುದ್ರಕ್ಕೆ ಸೇರಿತ್ತು. ತಲೆ ಗಟ್ಟಿ ಇದೆ ಅಂತ ಬಂಡೆಗೆ ಹಾಯಬಾರದು ಅಂತ ಅಪ್ಪ ಹೇಳ್ತಿದ್ದಿದ್ದು ಇದಕ್ಕೇ ಇರಬೇಕು. ಆಮೇಲೆ ಒಂದು ಕಬ್ಬಿಣದ ಅಂಗಡೀಲಿ ಟೇಪ್ ತಗೊಂಡು ಅಳೆದ್ರೆ 2.04 ಮೀಟರ್. ನಾಲ್ಕು ಸೆಂಟಿಮೀಟರ್ ಸ್ವಾಮಿ, ಎರಡು ಬೆರಳು ಅಗಲ.

ಫೋಕ್ಸ್‌ವ್ಯಾಗನ್‌ನೋರೇ ಫ್ಯಾಕ್ಟರೀಲಿ ಮಾಡಿ ಮಾರೋ ಕ್ಯಾಲಿಫೋರ್ನಿಯಾ ಅನ್ನೋ ವ್ಯಾನಿದೆ, ಅದೂ ಇದೇ ಸೈಜು, ಅದೂ ಪಾಪ್ ಟಾಪು, ಅದರ ಟಿ6 (ನಮ್ಮ ಟಿ5 ಆದ್ಮೇಲೆ ಬಂದಿದ್ದು) ಮಾಡೆಲ್ ಎತ್ತರ 1.99 ಮೀಟರ್. ಈ 1.99 ಸುಮ್ಮನೆ ಬಂದಿದ್ದು ಅಂತ ನನಗನ್ಸಲ್ಲ. ಯುರೋಪಲ್ಲಿ 2 ಮೀಟರ್ ಅನ್ನೋದು ಲಕ್ಷ್ಮಣರೇಖೆ. ಫ್ರಾನ್ಸಿನ ಟೋಲ್ ನೋಡಿ, 2 ಮೀಟರ್ ತನಕ ಕ್ಲಾಸ್ 1, ಅಂದ್ರೆ ಕಾರಿನ ರೇಟು. 2 ದಾಟಿ 3 ಮೀಟರ್ ಒಳಗಿದ್ರೆ ಕ್ಲಾಸ್ 2, ಹೆಚ್ಚುಕಮ್ಮಿ ಒಂದೂವರೆ ಪಟ್ಟು. ಎತ್ತರ ನೋಡೋದು ಮೆಷೀನು, ಅದಕ್ಕೆ ನಿಮ್ಮ ರೂಫ್ ಮಡಚುತ್ತೋ ಬಿಡುತ್ತೋ ಗೊತ್ತಿಲ್ಲ. ಫ್ರಾನ್ಸಿನ ಉತ್ತರ ತುದಿಯ ಕಲೇ ಊರಿಂದ ಕೆಳಗೆ ಮೆಡಿಟರೇನಿಯನ್ ಸಮುದ್ರದ ತನಕ ಹೋಗಿಬರೋದ್ರಲ್ಲಿ ಆ ಎರಡು ಬೆರಳಿನ ವ್ಯತ್ಯಾಸಕ್ಕೆ ಎಷ್ಟು ಊಟದ ದುಡ್ಡು ಹೋಗುತ್ತೆ ಅಂತ ನೀವೇ ಲೆಕ್ಕ ಹಾಕಿ. (ಇಂಗ್ಲೆಂಡಿಂದ ಸುರಂಗದ ರೈಲಲ್ಲಿ ಫ್ರಾನ್ಸಿಗೆ ದಾಟೋವಾಗ ಮಾತ್ರ ಈ ಜಗಳ ಇಲ್ಲ, ಅಲ್ಲಿ ಗೆರೆ 1.85 ಮೀಟರಿಗೇ ಇದೆ, ಪಾಪ್ ಟಾಪಾದ್ರೂ ಹೈ ರೂಫಾದ್ರೂ ಎತ್ತರದ ಬೋಗೀಗೇ ಹತ್ತಿಸ್ತಾರೆ.) ಅದಕ್ಕೇ ಹೇಳೋದು, ಪಾಪ್ ಟಾಪ್ ಅಂತ ಹೆಸರು ಕೇಳಿ ನಂಬಬೇಡಿ, ಹೊರಗಿನ ಕಂಪನಿ ರೂಫ್ ಹಾಕ್ಸೋದಾದ್ರೆ ಹಾಕಿದ ಮೇಲೆ ನೆಲದಿಂದ ಒಟ್ಟು ಎಷ್ಟಾಗುತ್ತೆ ಅಂತ ಬರೆಸ್ಕೊಳ್ಳಿ. ನಾವು ಕೇಳಿರಲಿಲ್ಲ. ಬಣ್ಣ ಯಾವ್ದು ಬೇಕು ಅಂತ ಎರಡು ವಾರ ಮನೇಲಿ ಜಗಳ ಆಡಿದ್ವಿ, ಎತ್ತರ ಕೇಳಿರಲಿಲ್ಲ.

ಇಷ್ಟಾದ್ರೂ ನಮಗೆ ಪಾಪ್ ಟಾಪೇ ಸರಿ ಆಗಿದ್ದು ಯಾಕಂದ್ರೆ ನಮಗೆ ಇರೋದು ಇದೊಂದೇ ಗಾಡಿ. ನನ್ನ ಹೆಂಡ್ತಿ ಆಸ್ಪತ್ರೇಲಿ ನರ್ಸು, ಅಲ್ಲಿನ ಪಾರ್ಕಿಂಗು ಬಹುಮಹಡಿ, 2.1 ಮೀಟರ್ ಕಂಬಿ, ಮೂರು ಬೆರಳು ಗ್ಯಾಪಲ್ಲಿ ದಿನಾ ಒಳಗೆ ಹೋಗಿ ಬರ್ತಾಳೆ. ಮಕ್ಕಳನ್ನ ಸ್ಕೂಲಿಗೆ ಬಿಡೋದು, ಅಕ್ಕಿ ಮೂಟೆ ತರೋದು, ವಿಮಾನ ನಿಲ್ದಾಣಕ್ಕೆ ಹೋಗೋದು ಎಲ್ಲ ಇದರಲ್ಲೇ. ನಮ್ಮ ಫ್ರೆಂಡೊಬ್ಬ ಇದಾನೆ ಶೆಫೀಲ್ಡಲ್ಲಿ, ಹಾಸನದ ಕಡೆಯವನು, ಅವನದ್ದು ಫಿಯಟ್ ಡುಕಾಟೋ ಹೈ ರೂಫು, ಎರಡೂವರೆ ಮೀಟರ್ ಮೇಲಿದೆ, ಅವನಿಗೆ ಅದರ ಜೊತೆಗೆ ಒಂದು ಸಣ್ಣ ಕಾರೂ ಬೇಕೇ ಬೇಕಾಯ್ತು, ಯಾಕಂದ್ರೆ ಊರೊಳಗೆ ಡುಕಾಟೋ ತಗೊಂಡು ಹೋದ್ರೆ ನಿಲ್ಸೋಕೆ ಜಾಗ ಹುಡುಕೋದ್ರಲ್ಲೇ ಅರ್ಧ ದಿನ. ಈಗ ಎರಡು ಇನ್ಶೂರೆನ್ಸು, ಎರಡು ರೋಡ್ ಟ್ಯಾಕ್ಸು, ಎರಡು ಎಂಒಟಿ (ಗಾಡಿ ಫಿಟ್‌ನೆಸ್ ಟೆಸ್ಟು). ಹೈ ರೂಫಿನ ನಿಜವಾದ ಖರ್ಚು ಅದು, ನಿಮ್ಮ ಲೇಖನದಲ್ಲಿ ಅದರ ಸುದ್ದೀನೇ ಇಲ್ಲ.

ಹಂಗಂತ ಪಾಪ್ ಟಾಪ್ ಅಂದ್ರೆ ಸ್ವರ್ಗ ಅಂತ ನಾನು ಹೇಳಲ್ಲ. ಬಟ್ಟೆ ಬಟ್ಟೇನೇ.

ಸ್ಕಾಟ್ಲೆಂಡಿನ ಸ್ಕೈ ದ್ವೀಪಕ್ಕೆ ಹೋಗಿದ್ವಿ, ಸೆಪ್ಟೆಂಬರ್. ಸಂಜೆ ಎಲ್ಲ ಚೆನ್ನಾಗಿತ್ತು, ಸಾರು ಅನ್ನ ಉಂಡು ಮಕ್ಕಳು ಅಟ್ಟ ಹತ್ತಿದ್ರು. ರಾತ್ರಿ ಒಂದು ಗಂಟೆಗೆ ಗಾಳಿ ಎದ್ದಿತು ನೋಡಿ. ಟೆಂಟ್ ಬಟ್ಟೆ ಪಟಪಟ ಪಟಪಟ ಅಂತ ಬಡ್ಕೊಳ್ಳೋದು, ಇಡೀ ವ್ಯಾನು ತೊಟ್ಟಿಲು ಥರ ತೂಗೋದು, ಮೇಲೆ ಮಗಳು "ಅಪ್ಪಾ ಗೋಡೆ ನನ್ನ ಮುಖಕ್ಕೆ ಹೊಡೀತಿದೆ" ಅಂತ ಕೂಗೋದು. ರೂಫ್ ಕಿತ್ಕೊಂಡು ಹೋಗಲ್ಲ ಅಂತ ಬುದ್ಧಿಗೆ ಗೊತ್ತು, ಹೊಟ್ಟೆಗೆ ಗೊತ್ತಿಲ್ಲ. ಎರಡು ಗಂಟೆಗೆ ಮಕ್ಕಳನ್ನ ನಿದ್ದೆಗಣ್ಣಲ್ಲೇ ಕೆಳಗಿಳಿಸಿ, ರೂಫ್ ಎಳೆದು ಕ್ಲಿಪ್ ಹಾಕಿ, ಕೆಳಗಿನ ಹಾಸಿಗೇಲಿ ನಾಲ್ಕು ಜನ ಮಲಗಿದ್ವಿ, ಆ ಹಾಸಿಗೆ ಅಗಲ 112 ಸೆಂಟಿಮೀಟರ್. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಆವತ್ತು ಕಾಲು ಚಾಚೋ ಪ್ರಶ್ನೇನೇ ಬರಲಿಲ್ಲ, ನಾನು ಡ್ರೈವರ್ ಸೀಟಿಗೆ ಹೋಗಿ ಸ್ಟೇರಿಂಗ್ ತಬ್ಕೊಂಡು ಬೆಳಗು ಮಾಡಿದೆ. ಆಮೇಲೆ ಪಕ್ಕದ ವ್ಯಾನಿನ ಮುದುಕಪ್ಪ ಹೇಳಿಕೊಟ್ಟ, ರೂಫಿನ ಹಿಂಜ್ ಇರೋ ತಗ್ಗಿನ ಕಡೆ ಗಾಳಿಗೆ ಮುಖ ಮಾಡಿ ನಿಲ್ಸಬೇಕು, ಬಾಯಿ ತೆಗೆದಿರೋ ಕಡೆ ಅಲ್ಲ ಅಂತ. ನಾನು ಸಮುದ್ರ ಕಾಣ್ಲಿ ಅಂತ ಉಲ್ಟಾ ನಿಲ್ಸಿದ್ದೆ.

ಮಾರನೇ ದಿನ ಗಾಳಿ ಪೂರ್ತಿ ನಿಂತು ಹೋಯ್ತು, ಸದ್ಯ ಅಂದ್ಕೊಂಡ್ರೆ ಮಿಡ್ಜ್ ಬಂದ್ವು. ಸ್ಕಾಟ್ಲೆಂಡಿನ ಮಿಡ್ಜ್ ಅಂದ್ರೆ ನಮ್ಮ ಗುಂಗಾಡಿಗಿಂತ ಸಣ್ಣ ಹುಳ, ಕಚ್ಚೋದ್ರಲ್ಲಿ ಮಾತ್ರ ರಾಕ್ಷಸ. ಗಾಳಿ ಇದ್ರೆ ಅವಕ್ಕೆ ಹಾರೋಕಾಗಲ್ಲ, ಗಾಳಿ ಇಲ್ದಿದ್ರೆ ಮೋಡದ ಥರ ಮುತ್ತುತ್ವೆ. ಅಂದ್ರೆ ಪಾಪ್ ಟಾಪಿನೋರಿಗೆ ಅಲ್ಲಿ ಎರಡೇ ಥರ ರಾತ್ರಿ, ಬಟ್ಟೆ ಬಡ್ಕೊಳ್ಳೋ ರಾತ್ರಿ ಇಲ್ಲಾ ಕೆರ್ಕೊಳ್ಳೋ ರಾತ್ರಿ. ಬಟ್ಟೆಯ ಕಿಟಕಿಗೆ ಸಣ್ಣ ಕಣ್ಣಿನ ಮೆಶ್ ಇದೆಯಾ ಅಂತ ತಗೊಳ್ಳೋವಾಗ್ಲೇ ನೋಡಿ, ಸೊಳ್ಳೆ ಪರದೆ ಕಣ್ಣಲ್ಲಿ ಇವು ಆರಾಮಾಗಿ ತೂರ್ತಾವೆ.

ಇನ್ನು ಒದ್ದೆ. ಮಳೇಲಿ ನೆನೆದ ಬಟ್ಟೇನ ಬೆಳಗ್ಗೆ ಹಂಗೇ ಮಡಚಿ ರೂಫ್ ಮುಚ್ಚಿ ಊರಿಗೆ ಬಂದು ಮರೆತ್ರಿ ಅಂದ್ಕೊಳ್ಳಿ, ಮೂರನೇ ದಿನಕ್ಕೆ ಮುಗ್ಗಲು ವಾಸನೆ, ವಾರಕ್ಕೆ ಬೂಷ್ಟಿನ ಕಪ್ಪು ಚುಕ್ಕಿ, ಆ ಚುಕ್ಕಿ ಉಜ್ಜಿದ್ರೂ ಪೂರ್ತಿ ಹೋಗಲ್ಲ. ಮಲೆನಾಡಲ್ಲಿ ಹುಟ್ಟಿದೋನಿಗೆ ಇದನ್ನ ಯಾರೂ ಹೇಳಿಕೊಡಬೇಕಾಗಿಲ್ಲ, ಆದ್ರೂ ನಾನು ಮರೆತೆ, ಒಂದು ಸಲ. ಈಗ ಟ್ರಿಪ್ಪಿಂದ ಬಂದ ಮೊದಲ ಬಿಸಿಲಿಗೆ ಮನೆ ಮುಂದೇನೇ ರೂಫ್ ಎತ್ತಿ ಒಣಗ್ಸೋದು, ಎದುರುಮನೆ ಅಜ್ಜಿ ಪ್ರತಿ ಸಲ "ಮತ್ತೆ ಹೊರಟ್ರಾ?" ಅಂತ ಕೇಳೋದು, ಇಲ್ಲ ಅಜ್ಜಿ, ಒಣ ಹಾಕಿದೀನಿ ಅಂತ ನಾನು ಹೇಳೋದು. ಚಳಿಗಾಲದಲ್ಲಂತೂ ಡೀಸೆಲ್ ಹೀಟರ್ ಹಾಕಿದ್ರೆ ಬಿಸಿ ನೆಟ್ಟಗೆ ಮೇಲಕ್ಕೆ ಹೋಗಿ ಬಟ್ಟೆ ಮೂಲಕ ಆಕಾಶಕ್ಕೆ, ನಾವು ನಮ್ಮ ಇಡೀ ಯಾರ್ಕ್‌ಶೈರ್ ಸೀಮೇನ ಬೆಚ್ಚಗೆ ಮಾಡ್ತಿದೀವೋ ಏನೋ ಅನ್ಸುತ್ತೆ. ಹೊರಗಿಂದ ಹೊದಿಸೋಕೆ ದಪ್ಪ ಕವರ್ ಸಿಗುತ್ತೆ, ಸ್ವೆಟರ್ ಥರ, ಅದು ಸ್ವಲ್ಪ ತಡೆಯುತ್ತೆ, ಆದ್ರೆ ಮಳೇಲಿ ಅದನ್ನ ಹಾಕೋದು ತೆಗೆಯೋದೇ ಒಂದು ಕೆಲಸ. ನವೆಂಬರಿಂದ ಮಾರ್ಚ್ ತನಕ ನಮ್ಮ ವ್ಯಾನು ಬರೀ ಕಾರು.

ಶೆಫೀಲ್ಡಿನೋನು ಡಿಸೆಂಬರಲ್ಲೂ ಹೋಗ್ತಾನೆ. ಅವನ ಗಾಡೀಲಿ ಸುತ್ತ ದಪ್ಪ ಇನ್ಸುಲೇಷನ್ನು, ತಲೆ ಮೇಲೆ ಉದ್ದಕ್ಕೂ ಕಪಾಟು, ಮಳೆ ಸುರೀತಿದ್ರೂ ದಾರಿ ಪಕ್ಕ ನಿಲ್ಸಿ ಬಾಗಿಲು ತೆಗೀದೇನೇ ಹಿಂದಕ್ಕೆ ನಡ್ಕೊಂಡು ಹೋಗಿ ನಿಂತ್ಕೊಂಡು ದೋಸೆ ಹಾಕ್ತಾನೆ. ಹೊರಗಿನೋರಿಗೆ ಒಳಗೆ ಜನ ಇದಾರೆ ಅಂತಾನೂ ಗೊತ್ತಾಗಲ್ಲ. ನಾವಾದ್ರೋ ರೂಫ್ ಎತ್ತಿದ ತಕ್ಷಣ ಇಡೀ ಊರಿಗೆ ಡಂಗುರ ಸಾರಿದಂಗೆ. ಒಂದು ವಿಷಯ ಇಲ್ಲಿಗೆ ಬರೋ ಕನ್ನಡದೋರು ತಪ್ಪು ತಿಳ್ಕೊಂಡಿರ್ತಾರೆ: ಸ್ಕಾಟ್ಲೆಂಡಲ್ಲಿ ಎಲ್ಲಿ ಬೇಕಾದ್ರೂ ಬೀಡು ಬಿಡಬಹುದು, ಕಾನೂನಿದೆ ಅಂತ. 2003ರ ಕಾನೂನು ಕೊಟ್ಟಿರೋ ಹಕ್ಕು ನಡ್ಕೊಂಡು ಹೋಗಿ ಟೆಂಟ್ ಹಾಕೋರಿಗೆ, ಮೋಟರ್ ಗಾಡಿಗೆ ಆ ಹಕ್ಕಿಲ್ಲ.

ಹೈ ರೂಫಿನ ಶತ್ರು ಅಡ್ಡಗಾಳಿ. ಲೀಡ್ಸಿಂದ ಮ್ಯಾಂಚೆಸ್ಟರಿಗೆ ಹೋಗೋ ಎಂ62 ಇಂಗ್ಲೆಂಡಲ್ಲೇ ಅತಿ ಎತ್ತರದಲ್ಲಿರೋ ಮೋಟರ್‌ವೇ, ವಿಂಡಿ ಹಿಲ್ ಅನ್ನೋ ಜಾಗದ ಹತ್ರ 372 ಮೀಟರ್, ಹೆಸರೇ ಹೇಳುತ್ತಲ್ಲ. ಅಲ್ಲಿ ಅವನ ಡುಕಾಟೋ ನಾನೂ ಒಂದು ಸಲ ಓಡ್ಸಿದೆ, ಲಾರಿ ದಾಟೋವಾಗ ಒಮ್ಮೆ ಎಳ್ಕೊಳ್ಳೋದು, ದಾಟಿದ ಮೇಲೆ ಒಮ್ಮೆ ತಳ್ಳೋದು, ಇಳಿದ ಮೇಲೆ ಭುಜ ಎರಡು ದಿನ ನೋವು. ಅವನಿಗೆ ಅಭ್ಯಾಸ ಆಗಿದೆ. ಡೀಸೆಲ್ಲೂ ಜಾಸ್ತಿ ಕುಡಿಯುತ್ತೆ ಬಿಡಿ, ಗಾಳಿ ಸೀಳೋ ಎದೆ ದೊಡ್ಡದಲ್ವಾ.

ಹೈ ರೂಫ್ ಬೇಕೇ ಬೇಕು ಅನ್ನೋರಿಗೆ ನನ್ನ ಒಂದು ಮಾತಿದೆ. ಹುಟ್ಟಿದಾಗಿಂದ ಎತ್ತರ ಇರೋ ವ್ಯಾನ್ ತಗೊಳ್ಳಿ, ಡುಕಾಟೋ, ಸ್ಪ್ರಿಂಟರ್, ಕ್ರಾಫ್ಟರ್ ಥರದ್ದು, ಅವುಗಳ ಎತ್ತರದ ತಲೆ ಫ್ಯಾಕ್ಟರೀಲೇ ತಗಡಲ್ಲಿ ಬಂದಿರುತ್ತೆ, ಯಾರೂ ಏನೂ ಕೊಯ್ಯಬೇಕಾಗಿಲ್ಲ. ಸಣ್ಣ ವ್ಯಾನಿನ ತಲೆ ಕೊಯ್ದು ಮೇಲೆ ಫೈಬರ್ ಟೋಪಿ ಕೂರ್ಸೋದು ನನಗೆ ಹಿಡಿಸಲ್ಲ, ಅಗಲ ಅಷ್ಟೇ ಇದ್ದು ಎತ್ತರ ಮಾತ್ರ ಬೆಳೆದ್ರೆ ತಿರುವಿನಲ್ಲಿ ವಾಲುತ್ತೆ. ಕೊಯ್ಯೋದು ಅಂದೆನಲ್ಲ, ಅದು ಪಾಪ್ ಟಾಪಿಗೂ ಇದೆ, ಇದನ್ನ ಯಾರೂ ಹೇಳಲ್ಲ. ನಮ್ಮ ವ್ಯಾನಿನ ತಲೇನ ಜಿಗ್‌ಸಾ ಗರಗಸದಲ್ಲಿ ಕೊಯ್ಯೋವಾಗ ನಾನು ಪಕ್ಕದಲ್ಲೇ ನಿಂತಿದ್ದೆ, ಹೆಂಚಿನ ಮನೆ ಜಂತೆ ಇರುತ್ತಲ್ಲ, ಹಂಗೆ ವ್ಯಾನಿನ ರೂಫ್ ಒಳಗೂ ಅಡ್ಡ ಪಟ್ಟಿಗಳಿರ್ತವೆ, ಗಾಡಿ ಪಲ್ಟಿ ಆದ್ರೆ ತಲೆ ಕಾಯೋವು ಅವೇ, ಅದನ್ನೇ ಕತ್ತರಿಸಿ ತೆಗೀತಾರೆ. ಅದರ ಬದ್ಲು ಸುತ್ತ ಸ್ಟೀಲ್ ಫ್ರೇಮ್ ಇಟ್ಟು ಗಟ್ಟಿ ಗೋಂದಲ್ಲಿ ಅಂಟಿಸ್ತಾರೆ, ಅಂಥಿಂಥ ಗೋಂದಲ್ಲ, ಗಾಡಿ ಗಾಜು ಅಂಟಿಸೋ ಜಾತಿಯದ್ದು. ಆ ಫ್ರೇಮ್ ಹಾಕಿದ ಮೇಲೆ ಸೀಟ್ ಬೆಲ್ಟ್ ಎಳೆದು, ಗುದ್ದಿಸಿ ಟೆಸ್ಟ್ ಮಾಡಿದಾರಾ, ಕಾಗದ ಇದೆಯಾ ಅಂತ ಕೇಳಬೇಕು. ನಾನು ಕೇಳಿದ್ದಕ್ಕೆ ವರ್ಕ್‌ಶಾಪಿನೋನು ಮುಖ ಸಣ್ಣಗೆ ಮಾಡ್ಕೊಂಡ, ಆದ್ರೂ ಎರಡು ದಿನ ಬಿಟ್ಟು ತಂದುಕೊಟ್ಟ.

ಒಂದು ತಮಾಷೆ ಕೇಳಿ. ಈ ದೇಶದಲ್ಲಿ ಗಾಡಿ ರಿಜಿಸ್ಟ್ರಿ ನೋಡ್ಕೊಳ್ಳೋ ಡಿವಿಎಲ್‌ಎ, ವ್ಯಾನನ್ನ ಕಾಗದದಲ್ಲಿ ಮೋಟರ್ ಕ್ಯಾರವಾನ್ (ಕ್ಯಾಂಪರಿಗೆ ಸರ್ಕಾರದೋರ ಹೆಸರು) ಅಂತ ಬದಲಾಯಿಸೋಕೆ ಹೊರಗಿಂದ ನೋಡಿದ್ರೇನೇ ಕ್ಯಾಂಪರ್ ಅಂತ ಕಾಣ್ಬೇಕು ಅನ್ನುತ್ತೆ. ಪಕ್ಕದಲ್ಲಿ ಎರಡು ಕಿಟಕಿ, ಮಲಗೋ ಭಾಗಕ್ಕೆ ಬೇರೆ ಬಾಗಿಲು, ಎರಡೂ ಬದಿ ಕ್ಯಾಂಪರ್ ಥರದ ಚಿತ್ರ, ಚಪ್ಪರ ಕಟ್ಟೋ ಆನಿಂಗ್ ಪಟ್ಟಿ, ಹೈ ರೂಫ್. ಪಾಪ್ ಟಾಪ್ ಲೆಕ್ಕಕ್ಕಿಲ್ಲ ಅಂತ ಅಲ್ಲೇ ಬರೆದಿದಾರೆ. ಅಂದ್ರೆ ನೀವು ಸಾವಿರಾರು ಪೌಂಡ್ ಕೊಟ್ಟು ತಲೆ ಕೊಯ್ಸಿ ಅಟ್ಟ ಕಟ್ಟಿಸಿದ್ದು ಲೆಕ್ಕಕ್ಕಿಲ್ಲ, ಪಕ್ಕದಲ್ಲಿ ಬೆಟ್ಟ ಗುಡ್ಡದ ಸ್ಟಿಕರ್ ಅಂಟಿಸಿದ್ದು ಲೆಕ್ಕಕ್ಕಿದೆ! ಇದರ ಜೊತೆ ಸ್ಪೀಡಿನ ಗೊಂದಲ ಬೇರೆ, ಡಿವೈಡರ್ ಇಲ್ಲದ ಹೈವೇಲಿ ಸಾಮಾನು ವ್ಯಾನಿಗೆ 50 ಮೈಲಿ ಸ್ಪೀಡು, ಮಾಮೂಲಿ ಸೈಜಿನ ಮೋಟರ್ ಕ್ಯಾರವಾನಿಗೆ ಕಾರಿನ ಥರ 60. ನಮ್ಮದರ ಕಾಗದದಲ್ಲಿ ಇವತ್ತಿಗೂ ವ್ಯಾನ್ ಅಂತಾನೇ ಇದೆ, ಯಾಕೆ ರಿಸ್ಕು ಅಂತ ಹಿಂದೆ ಬರೋರು ಹಾರ್ನ್ ಹೊಡೆದ್ರೂ ನಾನು 50ರಲ್ಲೇ.

ಹಳೇ ಕಾಲದಲ್ಲಿ ಈ ಚರ್ಚೆ ಇಷ್ಟು ಗಂಭೀರ ಇರಲಿಲ್ಲ ಅನ್ಸುತ್ತೆ. ಫೋಕ್ಸ್‌ವ್ಯಾಗನ್ ವ್ಯಾನ್ ಬಂದಿದ್ದು 1950ರಲ್ಲಿ, ಮಾರನೇ ವರ್ಷಾನೇ ಜರ್ಮನಿಯ ವೆಸ್ಟ್‌ಫಾಲಿಯಾದೋರು ಅದಕ್ಕೆ ಮಲಗೋ ಸಾಮಾನು ಮಾಡಿ ಮಾರೋಕೆ ಶುರು ಮಾಡಿದ್ರು. ಈ ಕಡೆ ಇಂಗ್ಲೆಂಡಿನ ಫೋಕ್‌ಸ್ಟನ್‌ನಲ್ಲಿ ಮಾರ್ಟಿನ್ ವಾಲ್ಟರ್ ಅನ್ನೋ ಕಂಪನಿ ಡಾರ್ಮೊಬಿಲ್ ಅಂತ ಮಾಡ್ತಿತ್ತು, ಅದರ ರೂಫ್ ಪಕ್ಕಕ್ಕೆ ತೆಗೆದುಕೊಳ್ಳುತ್ತೆ, ಪಟ್ಟೆ ಪಟ್ಟೆ ಬಟ್ಟೆ, ಐಸ್ ಕ್ರೀಮ್ ಅಂಗಡಿ ಥರ. ಹಳೇ ಗಾಡಿ ಮೇಳದಲ್ಲಿ ಒಂದು ನೋಡಿದೆ, ಒಳಗೆ ಇಣುಕಿದ್ರೆ ನಮ್ಮ ವ್ಯಾನಿನದ್ದೇ ಮುಗ್ಗಲು ವಾಸನೆ.

ಈಗ ಭಾವನ ಪ್ರಶ್ನೆ. ಅವರು ಒಂದು ಹಳೇ ಟಿಟಿ (ಟೆಂಪೋ ಟ್ರಾವೆಲರ್) ನೋಡಿಟ್ಟಿದಾರೆ, ಅದರ ತಲೆ ಕೊಯ್ಸಿ ಪಾಪ್ ಟಾಪ್ ಹಾಕ್ಸೋ ಆಸೆ, ಸಾಗರದಲ್ಲೇ ಬಾಡಿ ಕಟ್ಟೋ ಶೆಡ್ಡಿನೋರು ಮಾಡ್ಕೊಡ್ತೀವಿ ಅಂದಿದಾರಂತೆ. ಭಾವ, ಬೇಡ. ಮೊದಲನೇದು ಕಾನೂನು. ಮೋಟರ್ ವಾಹನ ಕಾಯ್ದೆ ಸೆಕ್ಷನ್ 52ರ ಬಗ್ಗೆ ಸುಪ್ರೀಂ ಕೋರ್ಟು 2019ರ ಜನವರೀಲಿ ಹೇಳಿರೋದು ಏನಂದ್ರೆ, ಕಂಪನಿ ಮೂಲದಲ್ಲಿ ಕೊಟ್ಟ ವಿವರಕ್ಕೆ ಹೊಂದದ ಹಂಗೆ ಗಾಡಿ ಬದಲಾಯಿಸೋ ಹಂಗಿಲ್ಲ ಅಂತ. ತಲೆ ಕೊಯ್ಯೋದಕ್ಕಿಂತ ದೊಡ್ಡ ಬದಲಾವಣೆ ಇನ್ನೇನಿದೆ? ಮೋಟರ್ ಕ್ಯಾರವಾನಿಗೆ ಅಂತಾನೇ ಭಾರತದಲ್ಲಿ ಎಐಎಸ್-124 ಅನ್ನೋ ಮಾನದಂಡ ಇದೆ, ಅದರ ಪ್ರಕಾರ ಒಪ್ಪಿಗೆ ಇರೋರ ಹತ್ರ ಮಾಡ್ಸಿದ್ರೆ ಸರಿ, ಶೆಡ್ಡಿನೋರ ಕಾಗದ ಆರ್‌ಟಿಓ ಮುಂದೆ ನಡೆಯಲ್ಲ, ಆಕ್ಸಿಡೆಂಟ್ ಆದ್ರೆ ಇನ್ಶೂರೆನ್ಸಿನೋರ ಮುಂದಂತೂ ಇಲ್ವೇ ಇಲ್ಲ.

ಎರಡನೇದು, ಯಾವ ಕಾರಣಕ್ಕೆ ನಾನು ಇಲ್ಲಿ ಪಾಪ್ ಟಾಪ್ ಆರಿಸಿದ್ನೋ ಆ ಕಾರಣಾನೇ ಅಲ್ಲಿಲ್ಲ. ಸಾಗರದಿಂದ ಜೋಗಕ್ಕೆ, ಸಿಗಂದೂರಿಗೆ, ಹೊನ್ನಾವರಕ್ಕೆ ಹೋಗೋ ದಾರೀಲಿ ಯಾರು 2 ಮೀಟರ್ ಕಂಬಿ ಹಾಕಿದಾರೆ? ಬೆಂಗಳೂರಿನ ಮಾಲ್ ಬೇಸ್‌ಮೆಂಟಿಗೆ ಹೋಗಲ್ಲ ಅಷ್ಟೇ, ಭಾವಂಗೆ ಮಾಲಲ್ಲಿ ಏನು ಕೆಲಸ. ಅಲ್ಲಿ ನೋಡ್ಬೇಕಾದ್ದು ತೋಟದ ದಾರೀಲಿ ಬಗ್ಗಿರೋ ಹಲಸಿನ ಕೊಂಬೆ, ತಗ್ಗಿಗೆ ಇಳಿಬಿದ್ದ ಕರೆಂಟ್ ವೈರು. ಮೂರನೇದು ಮಳೆ. ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಸುರಿಯೋ ಆಗುಂಬೆ ಪಕ್ಕದಲ್ಲಿ ಇಟ್ಕೊಂಡು ಬಟ್ಟೆ ರೂಫಾ? ಜೂನಲ್ಲಿ ಮಡಚಿದ್ದು ಅಕ್ಟೋಬರಲ್ಲಿ ಬಿಚ್ಚೋವಾಗ ಅದರಲ್ಲಿ ಅಣಬೆ ಎದ್ದಿರುತ್ತೆ. ಕೋತಿ ಬೇರೆ. ಜೋಗದಲ್ಲಿ ಕಾರಿನ ವೈಪರ್ ಕಿತ್ತು ಆಡೋ ಕೋತಿಗೆ ಟೆಂಟ್ ಬಟ್ಟೆ, ಒಳಗೆ ಬಾಳೆಹಣ್ಣಿನ ವಾಸನೆ, ಇನ್ನೇನು ಬೇಕು? ಟಿಟಿ ತಲೆ ಹೆಂಗೂ ಎತ್ತರಾನೇ, ಭಾವ ಐದಡಿ ನಾಲ್ಕಿಂಚು, ಟೋಪಿ ಹಾಕ್ಕೊಂಡು ಓಡಾಡಬಹುದು.

ನಾಲ್ಕನೇದು ಅಮ್ಮ. ಹೋದ ವರ್ಷ ಅಮ್ಮ ನಮ್ಮಲ್ಲಿಗೆ ಬಂದಿದ್ರು, 72 ವರ್ಷ, ಮಂಡಿ ನೋವು. ಲೇಕ್ ಡಿಸ್ಟ್ರಿಕ್ಟಿಗೆ ಕರ್ಕೊಂಡು ಹೊರಟ್ವಿ, ಮೋಟರ್‌ವೇ ಪಕ್ಕದ ಸರ್ವಿಸ್ ಸ್ಟೇಷನ್ನಲ್ಲಿ ಮೊಮ್ಮಗ ಅಜ್ಜಿ ಸೀರೆ ಮೇಲೆ ಪೂರ್ತಿ ಚಾಕಲೇಟ್ ಹಾಲು ಚೆಲ್ಲಿದ. ಸೀರೆ ಬದಲಾಯಿಸಬೇಕು. ಟಾಯ್ಲೆಟ್ಟಲ್ಲಿ ನೆಲ ಒದ್ದೆ, ಅಮ್ಮ ಒಲ್ಲೆ ಅಂದ್ರು. ವ್ಯಾನೊಳಗೆ ರೂಫ್ ಮುಚ್ಚಿದ್ರೆ ನನ್ನ ಮಗನೇ ನೆಟ್ಟಗೆ ನಿಲ್ಲಲ್ಲ, ಇನ್ನು ಅಮ್ಮ ಬಗ್ಗಿ ನಿರಿಗೆ ಹಿಡಿಯೋದು ಹೆಂಗೆ? ಹೊರಗೆ ಗಾಳಿ ಮಳೆ, ಸರಿ ಅಂತ ಆ ಪಾರ್ಕಿಂಗ್ ಮಧ್ಯದಲ್ಲೇ ರೂಫ್ ಎತ್ತಿದ್ವಿ, ಸುತ್ತ ಇದ್ದೋರೆಲ್ಲ ಇವರು ಇಲ್ಲೇ ಬೀಡು ಬಿಡ್ತಾರಾ ಅಂತ ತಿರುಗಿ ನೋಡಿದ್ರು, ಬಟ್ಟೆ ಪಟಪಟ ಅಂತಿತ್ತು, ಒಳಗೆ ಅಮ್ಮ ನಿರಿಗೆ ಹಿಡೀತಾ "ಇಷ್ಟು ದುಡ್ಡು ಕೊಟ್ಟು ತಗೊಂಡಿದ್ಯಲ್ಲೋ, ಒಂದು ಸೀರೆ ಉಡೋಷ್ಟು ಎತ್ತರ ಇರೋದು ಸಿಗಲಿಲ್ವಾ?" ಅಂದ್ರು. ಒಳಗಿನ ಎತ್ತರ ಇಷ್ಟು ಮಿಲಿಮೀಟರ್ ಅಂತ ಕಂಪನಿಯೋರು ಬರೀತಾರೆ, ಅಮ್ಮನ ಅಳತೇನೇ ಸಲೀಸು. ರೂಫ್ ಎತ್ತದೇ ಸೀರೆ ಉಡೋಕಾಗುತ್ತಾ ಇಲ್ವಾ? ಮನೇಲಿ ವಯಸ್ಸಾದೋರು ಇದ್ರೆ ಹೈ ರೂಫೇ, ಅಲ್ಲಿಗೆ ನನ್ನ ವಾದ ಸೋಲುತ್ತೆ.

ಸೋಲ್ತಾ ಇದೆ ಕೂಡ. ಮಗಳಿಗೆ 12 ಆಯ್ತು, ಅಟ್ಟದಲ್ಲಿ ಮಲಗಿದ್ರೆ ಕಾಲು ಬಟ್ಟೆಗೆ ತಾಗುತ್ತೆ, ತಮ್ಮನ ಜೊತೆ ಮಲಗಲ್ಲ ಅಂತ ಹಠ. ಅಮ್ಮ ಮುಂದಿನ ಮೇ ತಿಂಗಳಲ್ಲಿ ಮತ್ತೆ ಬರ್ತಾರೆ. ಆಸ್ಪತ್ರೆಯ ಬಹುಮಹಡಿ ಪಾರ್ಕಿಂಗ್ ಮಾತ್ರ ಅಲ್ಲೇ ಇದೆ, 2.1 ಮೀಟರಲ್ಲೇ ಇದೆ. ಶೆಫೀಲ್ಡಿನೋನು ನಗ್ತಾ ಇದಾನೆ, ಅವನ ಸಣ್ಣ ಕಾರು ನಮಗೆ ಮಾರ್ತಾನಂತೆ.

ಕೊನೇದಾಗಿ ಸಂಪಾದಕರೇ, ಒಂದು ತಿದ್ದುಪಡಿ ಹಾಕಿ. ನಿಮ್ಮ ಲೇಖನದಲ್ಲಿ "ಪಾಪ್ ಟಾಪ್ ವ್ಯಾನಿನ ಒಂದು ನೋಟ" ಅಂತ ಹಾಕಿರೋ ಫೋಟೋ ಪಾಪ್ ಟಾಪ್ ವ್ಯಾನಿದ್ದಲ್ಲ, ಅದು ಕ್ರಾಫ್ಟರ್ ಮೇಲೆ ಕಟ್ಟಿರೋ ಗ್ರ್ಯಾಂಡ್ ಕ್ಯಾಲಿಫೋರ್ನಿಯಾ, ಅಪ್ಪಟ ಹೈ ರೂಫು, ಅದರ ತಲೆ ಮಡಚೋದೇ ಇಲ್ಲ. ಭಾವ ಅದೇ ಫೋಟೋಗೆ ಗುಂಡು ಸುತ್ತಿ "ನನಗೆ ಇಂಥದ್ದೇ ಪಾಪ್ ಟಾಪ್ ಬೇಕು" ಅಂತ ಕಳ್ಸಿದಾರೆ. ಅದು ಹೈ ರೂಫ್ ಭಾವ ಅಂತ ಮೂರು ಸಲ ಹೇಳಿದೆ, ಪೇಪರಲ್ಲೇ ಬಂದಿದೆ ಮಾರಾಯ, ನಿಂದೇನು ಅಂದ್ರು.

ಇಂತಿ,
ನಿಮ್ಮ ಹಳೇ ಓದುಗ,
ಲೀಡ್ಸ್, ಇಂಗ್ಲೆಂಡ್